ಹಲಸೂರಿನ ಬ್ಯಾಗ್ ಮುನಿಯಪ್ಪನವರು

ಯಾವ ಬ್ಯಾಗನ್ನೇ ಕೊಡಿ, ಮುನಿಯಪ್ಪನವರು ಮೊದಲು ಅದರೊಳಗೆ ಒಂದು ಅಂಗೈ ತೂರಿಸುತ್ತಿದ್ದರು. ಇನ್ನೊಂದು ಕೈಯ ಗೆಣ್ಣುಗಳಿಂದ ಹೊರಗಿನ ತಳವನ್ನು ಕುಟ್ಟಿ, ಕಣ್ಣು ಮುಚ್ಚಿ, ನಾಡಿ ನೋಡುವ ಪಂಡಿತರ ಹಾಗೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಕುಟ್ಟಿದ ಪೆಟ್ಟು ಒಳಗಿನ ಅಂಗೈಗೆ ತಲುಪಿದರೆ ಆ ಬ್ಯಾಗಿನ ಕಥೆ ಮುಗಿಯಿತು. "ಇದ್ರಲ್ಲಿ ಬದನೇಕಾಯಿ ತರ್ಬೋದು. ಲ್ಯಾಪ್‌ಟಾಪ್ ಬೇಡ" ಎಂದು ಅದನ್ನು ವಾಪಸು ಕೈಗೆ ಕೊಡುತ್ತಿದ್ದರು. ಆ ಬ್ಯಾಗನ್ನು ನೀವು ಎಷ್ಟು ದೊಡ್ಡ ಅಂಗಡಿಯಿಂದ ತಂದಿದ್ದೀರಿ ಎಂಬುದಕ್ಕೆ ಅವರಲ್ಲಿ ಮರ್ಯಾದೆ ಇರಲಿಲ್ಲ.

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಕತ್ತರಿಸಲು ಒಂದು ಹಲಗೆ, ಶಿವಾಜಿನಗರದಿಂದ ತಂದ ಕ್ಯಾನ್ವಾಸ್ ಸುರುಳಿಗಳು, ಗೋಡೆಯ ಮೇಲೆ ಪುಟ್ಟ ಬುದ್ಧನ ಚಿತ್ರ. ಕೆ.ಆರ್. ಪುರದ ಆಚೆಯ ಹಳ್ಳಿಯೊಂದರಿಂದ ಬಂದ ಅವರು ಸರ್ಕಾರಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಕೂದಲೆಳೆಯಷ್ಟು ಅಲುಗಿದರೂ ಕೆಡುವ ಉಪಕರಣಗಳನ್ನು ಪೆಟ್ಟಿಗೆಗೆ ತುಂಬಿ ಲಾರಿಗೆ ಹತ್ತಿಸುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಅದೇ ವಿದ್ಯೆಯನ್ನು ಬ್ಯಾಗಿಗೆ ಇಳಿಸಿದ್ದರು.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಅವಮಾನದಿಂದ. ಶಾಲೆಗಳಿಗೆ ಹೋಗಿ ಮಕ್ಕಳ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಲ್ಯಾಪ್‌ಟಾಪಿಗೆ ಒಂದು ಸಣ್ಣ ಯಂತ್ರ, ಅದಕ್ಕೊಂದು ಹೆಡ್‌ಫೋನ್. ಮಗುವಿನ ಕಿವಿಗೆ ಸಣ್ಣ ಸದ್ದು ಕೊಟ್ಟರೆ, ಕೇಳಿದಾಗ ಅದು ಬೆರಳೆತ್ತಬೇಕು. ಒಂದು ದಿನ ಓಲ್ಡ್ ಮದ್ರಾಸ್ ರೋಡಿನಲ್ಲಿ ಬಸ್ಸು ಬ್ರೇಕ್ ಹಾಕಿದಾಗ ಬ್ಯಾಗು ನನ್ನ ತೊಡೆಯಿಂದ ಜಾರಿ ಬಿತ್ತು. ತೆಗೆದು ನೋಡಿದೆ, ಎಲ್ಲ ಸರಿಯಾಗಿಯೇ ಕಂಡಿತು. ಆದರೆ ಒಳಗೇ ಪೆಟ್ಟು ತಿಂದಿದ್ದ ಹೆಡ್‌ಫೋನು ಆ ದಿನವೆಲ್ಲ ಕಡಿಮೆ ಸದ್ದು ಕೊಟ್ಟಿತು. ಚೆನ್ನಾಗಿ ಕೇಳುವ ಮಕ್ಕಳಿಗೂ ನಾನು ಕಿವಿ ಮಂದ ಎಂದು ಬರೆದುಕೊಟ್ಟೆ. ಒಬ್ಬ ತಾಯಿ ಶಾಲೆಯ ಗೇಟಿನ ಹತ್ತಿರವೇ ಕುಸಿದು ಕೂತು ಅತ್ತಳು. ಮಾರನೆಯ ದಿನ ತಪ್ಪು ಗೊತ್ತಾಗಿ, ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ.

ವಿಮಾ ಕಚೇರಿಯಲ್ಲಿದ್ದ ನಮ್ಮಪ್ಪ ಅದನ್ನು ಕೇಳಿ, "ಹಲಸೂರಲ್ಲಿ ಒಬ್ರಿದಾರಂತೆ ನೋಡು. ಸ್ವಲ್ಪ ಜಂಬದ ಮನುಷ್ಯ, ಕೇಳಿದ್ದಕ್ಕೆ ಉತ್ತರ ಕೊಡಲ್ಲ ಅಂತಾರೆ. ಕೆಲಸ ಮಾತ್ರ ಗಟ್ಟಿ" ಎಂದರು.

ಹೋದೆ. ಮುನಿಯಪ್ಪನವರು ನೆಲದ ಮೇಲೆ ಒಂದು ಬಟ್ಟೆ ಹಾಸಿ, "ಏನೇನು ಹೊರ್ತೀರೋ ಎಲ್ಲ ತೆಗ್ದು ಇಲ್ಲಿಡಿ" ಎಂದರು. ಲ್ಯಾಪ್‌ಟಾಪು, ಚಾರ್ಜರು, ವೈರುಗಳು, ಪರೀಕ್ಷೆಯ ಯಂತ್ರ, ಹೊಸ ಹೆಡ್‌ಫೋನು, ನೀರಿನ ಬಾಟಲಿ, ಊಟದ ಡಬ್ಬಿ. ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದರು. ಬಾಟಲಿಯನ್ನೂ ಡಬ್ಬಿಯನ್ನೂ ಬಟ್ಟೆಯ ಆಚೆಗೆ ಸರಿಸಿದರು.

"ಊಟಕ್ಕೆ ಬೇರೆ ಚೀಲ. ಸಾರಿಗೂ ಕರೆಂಟಿಗೂ ಆಗ್ಬರಲ್ಲ." ಆಮೇಲೆ ಚಾರ್ಜರನ್ನು ಎತ್ತಿ ಹಿಡಿದರು. "ಇದು ನಿಮ್ಮ ಶತ್ರು."

"ಚಾರ್ಜರಾ ಅಂಕಲ್?"

"ರೋಡು ಹೊರಗಿಂದ ಯಾವತ್ತೋ ಒಂದ್ಸಲ ಹೊಡಿಯುತ್ತೆ. ಇದು ಪಕ್ಕದಲ್ಲೇ ಕೂತು ದಿನಾ ಹೊಡಿಯುತ್ತೆ. ಕಲ್ಲಿನ ಜೊತೆ ಕನ್ನಡಿ ಇಟ್ಕೊಂಡು ತಿರುಗ್ತಿದೀರಿ."

ಆಮೇಲೆ ಪ್ರಶ್ನೆಗಳು. ಬಸ್ಸಲ್ಲಿ ಸೀಟು ಸಿಗುತ್ತಾ, ನಿಂತೇ ಹೋಗ್ತೀರಾ? ಯಾವ ಹೆಗಲು ನೋಯುತ್ತೆ? ಶಾಲೇಲಿ ಬ್ಯಾಗ್ ಎಲ್ಲಿಡ್ತೀರಿ, ಬೆಂಚಿನ ಮೇಲೋ ನೆಲದ ಮೇಲೋ? ಅಂಗಡಿಯ ಹೊರಗೆ ತೂಗುಹಾಕಿದ್ದ ಹೊಳೆಯುವ, ಗಟ್ಟಿ ಚಿಪ್ಪಿನ ಬ್ಯಾಗೊಂದನ್ನು ತೋರಿಸಿ, ಅದು ಚೆನ್ನಾಗಿದೆಯಲ್ಲ ಎಂದೆ.

"ಅದು ನೋಡೋರಿಗೆ ಚೆನ್ನಾಗಿದೆ. ಒಳಗೆ ಬೆಲೆಬಾಳೋದು ಇದೆ ಅಂತ ಬ್ಯಾಗು ಯಾಕಮ್ಮ ಊರೆಲ್ಲ ಹೇಳ್ಕೊಂಡು ತಿರುಗ್ಬೇಕು?"

ಅವರು ಬೆನ್ನು ತಿರುಗಿಸಿ ಕ್ಯಾನ್ವಾಸ್ ಎಳೆಯುತ್ತಿದ್ದಾಗ, ಎಷ್ಟು ದಿನ ಬೇಕಾಗುತ್ತೆ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ. ಅಪ್ಪ ಹೇಳಿದ ಜಂಬ ಇದೇ ಇರಬೇಕು ಅಂದುಕೊಂಡೆ.

ವಾರದ ಮೇಲೆ ಬ್ಯಾಗು ಸಿದ್ಧವಾಗಿತ್ತು. ನೋಡಲು ಕಂದು ಬಣ್ಣದ ಸಪ್ಪೆ ಚೀಲ. ಆದರೆ ಒಳಗೆ ಲ್ಯಾಪ್‌ಟಾಪ್ ಇಡುವ ಅರೆ ತಳಕ್ಕೆ ತಾಗದೆ ಎರಡು ಬೆರಳು ಮೇಲೆ, ತೊಟ್ಟಿಲ ಹಾಗೆ ತೂಗುತ್ತಿತ್ತು. ಹೆಡ್‌ಫೋನಿಗೆ ಮೇಲುಗಡೆ ದಪ್ಪ ಫೋಮಿನ ಗೂಡು. ಚಾರ್ಜರಿಗೆ ಆಚೆ ಬದಿಯಲ್ಲಿ ಬೇರೆ ಜೇಬು. ಜಿಪ್ಪಿನ ಮೇಲೆ ನೀರು ಇಳಿಯದ ಹಾಗೆ ಒಂದು ಮಡಿಕೆ. ನನ್ನ ಸಾಮಾನನ್ನೆಲ್ಲ ಅದರಲ್ಲಿ ಜೋಡಿಸಿ, ಗಲ್ಲಿಯ ತುದಿಯವರೆಗೆ ನಡೆದು ಬರಲು ಹೇಳಿದರು. ಬಂದ ಮೇಲೆ ಬ್ಯಾಗನ್ನು ಈಸಿಕೊಂಡು ಮೊಣಕಾಲೆತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬಿಟ್ಟುಬಿಟ್ಟರು.

ನಾನು ಹಿಡಿಯಲು ಕೈ ಚಾಚುವಷ್ಟರಲ್ಲಿ ಅದು ಬಿದ್ದಾಗಿತ್ತು.

"ನನ್ನೆದುರಿಗೇ ಬೀಳ್ಲಿ" ಎಂದರು. "ಆಮೇಲೆ ಎಲ್ಲಾದ್ರೂ ಬಿದ್ರೆ ನಿಮಗೆ ಎದೆ ಹೊಡ್ಕೋಬಾರ್ದು."

ತೆಗೆದು ಪರೀಕ್ಷಿಸಿದೆ. ಒಂದಕ್ಕೂ ಏನೂ ಆಗಿರಲಿಲ್ಲ.

ಆಮೇಲೆ ಬೆಲ್ಟು, ಬಕಲು ಎಂದು ನೆಪ ಮಾಡಿಕೊಂಡು ಆಗಾಗ ಹೋಗುತ್ತಿದ್ದೆ. ಅವರ ಹೆಂಡತಿ ರತ್ನಮ್ಮ ಒಳಗಿನಿಂದ ಕಾಫಿ ಕಳಿಸುತ್ತಿದ್ದರು. ಗಲ್ಲಿಗೆಲ್ಲ ಕೇಳುವ ಕಂಠ ಅವರದು. ಒಂದು ದಿನ ಅವರು ಮೂರು ಸಲ "ರೀ" ಎಂದು ಕೂಗಿದರು. ಮುನಿಯಪ್ಪನವರು ನನ್ನೆದುರೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ. "ಅಂಕಲ್, ಆಂಟಿ ಕರೀತಿದಾರೆ" ಎಂದೆ. ಅವರು ನನ್ನ ಕಣ್ಣು ನೋಡದೆ ತುಟಿ ನೋಡಿದರು.

ದಿನವಿಡೀ ಕಿವಿಗಳ ಜೊತೆಯೇ ಕೆಲಸ ಮಾಡುವ ನನಗೆ ಅದು ಅಷ್ಟು ತಡವಾಗಿ ಹೊಳೆಯಿತಲ್ಲ ಎಂದು ನಾಚಿಕೆಯಾಯಿತು. ಅವರದು ಜಂಬವಲ್ಲ, ಕಿವುಡು. ಅವರು ಬ್ಯಾಗಿನ ಪೆಟ್ಟನ್ನು ಕೇಳುತ್ತಿರಲಿಲ್ಲ, ಅಂಗೈಯಲ್ಲಿ ಹಿಡಿಯುತ್ತಿದ್ದರು.

ಆ ನಾಚಿಕೆಯಲ್ಲೇ ಇನ್ನೊಂದು ತಪ್ಪು ಮಾಡಿದೆ. ಇಂದಿರಾನಗರದಿಂದ ಬಂದಿದ್ದ ಗಿರಾಕಿಯೊಬ್ಬರು ಅಲ್ಲೇ ನಿಂತಿದ್ದಾಗ ಜೋರಾಗಿ, "ಅಂಕಲ್, ಒಂದ್ಸಲ ನಿಮ್ಮ ಕಿವಿ ಪರೀಕ್ಷೆ ಮಾಡ್ಲಾ?" ಎಂದುಬಿಟ್ಟೆ.

ಅವರ ಮುಖ ಬಿಗಿಯಿತು. "ನನ್ನ ಕಿವಿಗೇನಾಗಿದೆ? ಈಗಿನವರು ಅರ್ಧ ಮಾತು ಬಾಯಲ್ಲೇ ನುಂಗ್ತಾರೆ, ಅಷ್ಟೆ." ನನ್ನ ಬ್ಯಾಗನ್ನು ಎತ್ತಿ ಕೈಗಿಟ್ಟು ಯಂತ್ರದ ಕಡೆ ತಿರುಗಿದರು. ಅದಾದ ಮೇಲೆ ನಾಲ್ಕು ತಿಂಗಳು ನಾನು ಆ ಗಲ್ಲಿಗೆ ಕಾಲಿಡಲಿಲ್ಲ.

ಕುಕ್ ಟೌನಿನ ಹಳೆಯ ಬಂಗಲೆಯೊಂದರ ಹಿಂಬದಿಯ ಕೋಣೆ ನಮ್ಮ ಕಚೇರಿ. ಒಂದು ಬೆಳಿಗ್ಗೆ ಹೋದರೆ, ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು ಮುನಿಯಪ್ಪನವರು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಕರೆದು ಕೂರಿಸಿದೆ.

"ರತ್ನಂಗೆ ಗಂಟ್ಲು ಆಪರೇಷನ್ ಆಯ್ತು" ಎಂದರು. "ಜೀವಕ್ಕೇನೂ ಭಯ ಇಲ್ಲ. ಆದ್ರೆ ದನಿ ಹೋಯ್ತು. ಈಗ ಗಾಳಿ ಊದಿದಂಗೆ ಮಾತಾಡ್ತಾಳೆ. ಮೊದ್ಲು ಕೂಗೋಳು, ಅರ್ಧ ಆದ್ರೂ ಸಿಕ್ಕೋದು. ಕೂಗ್ಲೇಬಾರ್ದು ಅಂದಿದಾರೆ ಡಾಕ್ಟ್ರು." ಆಮೇಲೆ ಮೆಲ್ಲಗೆ, "ಹದಿನೈದು ದಿನದಿಂದ ಅವ್ಳು ನನ್ ಹತ್ರ ಮಾತಾಡೋದನ್ನೇ ಬಿಟ್ಬಿಟ್ಟಿದಾಳೆ ಕಣಮ್ಮ. ಕೋಪಕ್ಕಲ್ಲ. ಹೇಳಿ ಹೇಳಿ ಸುಸ್ತಾಗಿ" ಎಂದರು.

ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದೆ. ಎತ್ತಿದರು. ಸದ್ದು ತಗ್ಗಿಸಿದೆ, ಎತ್ತಿದರು. ಇನ್ನೂ ತಗ್ಗಿಸಿದೆ, ಎತ್ತಿದರು. ಅನುಮಾನ ಬಂದು ಸದ್ದು ಕೊಡುವುದನ್ನೇ ನಿಲ್ಲಿಸಿ, ಗುಂಡಿ ಒತ್ತಿದ ಹಾಗೆ ಕೈ ಮಾತ್ರ ಆಡಿಸಿದೆ. ನನ್ನ ಕೈಯನ್ನೇ ನೋಡುತ್ತಿದ್ದ ಅವರು ಆಗಲೂ ಬೆರಳೆತ್ತಿದರು. ಶಾಲೆಯಲ್ಲಿ ಕೆಲವು ಮಕ್ಕಳು ಹೀಗೇ ಮಾಡುತ್ತಾರೆ, ಬೈಸಿಕೊಳ್ಳುವ ಭಯಕ್ಕೆ.

ಹೆಡ್‌ಫೋನ್ ತೆಗೆದು, ಅವರೆದುರು ಕೂತು, "ಅಂಕಲ್, ಈಗ ನಾನು ಸದ್ದೇ ಕೊಟ್ಟಿರ್ಲಿಲ್ಲ" ಎಂದೆ.

ಅವರು ತಮ್ಮ ಬೆರಳನ್ನೇ ನೋಡಿಕೊಂಡರು. "ಮೂವತ್ತು ವರ್ಷ ಹಿಂಗೇ ಮಾಡ್ದೆ ಕಣಮ್ಮ" ಎಂದರು. "ಪಕ್ಕದ ಶೆಡ್ಡಲ್ಲಿ ತಗಡು ಬಡೀತಿದ್ರು, ಬೆಳಿಗ್ಗೆಯಿಂದ ಸಾಯಂಕಾಲದವರ್ಗೂ. ಕಿವಿ ಯಾವಾಗ ಹೋಯ್ತೋ ಗೊತ್ತಾಗ್ಲಿಲ್ಲ. ಗೊತ್ತಾದ್ರೆ ಬೇರೆ ಕಡೆ ಹಾಕ್ತಾರೆ ಅಂತ ಭಯ. ಜನ ನಕ್ರೆ ನಕ್ಕೆ. ತಲೆ ಆಡ್ಸಿದ್ರೆ ಆಡ್ಸಿದೆ. ಯಾರಿಗೂ ಗೊತ್ತಾಗ್ಲಿಲ್ಲ, ರತ್ನಂಗೆ ಬಿಟ್ಟು."

"ಅದಕ್ಕೇ ಆಂಟಿ ಕೂಗ್ತಿದ್ರಾ?"

"ಅದಕ್ಕೇ. ಜನ ಅವ್ಳನ್ನ ಬಜಾರಿ ಅಂತಿದ್ರು. ಅವ್ಳು ಅನ್ನಿಸ್ಕೊಂಡ್ಳು, ನನ್ನ ಕಿವುಡು ಅಂತ ಒಬ್ರಿಗೂ ಹೇಳ್ಲಿಲ್ಲ."

ನಾನು ಎದ್ದು ಹೋಗಿ ನೀರು ತಂದೆ. ಅವರಿಗೆ ಬೇಕಿತ್ತೋ ನನಗೆ ಬೇಕಿತ್ತೋ ಗೊತ್ತಿಲ್ಲ. ಆಮೇಲೆ ಮೊದಲಿನಿಂದ ಪರೀಕ್ಷೆ ಶುರು ಮಾಡಿದೆವು. ಈ ಸಲ ಅವರು ಕಣ್ಣು ಮುಚ್ಚಿಕೊಂಡು, ಕೇಳಿದಾಗ ಮಾತ್ರ ಬೆರಳೆತ್ತಿದರು. ಎತ್ತಿದ್ದು ಬಹಳ ಕಡಿಮೆ.

ಡಾಕ್ಟರಿಗೆ ತೋರಿಸಿ, ಅಳತೆ ಕೊಟ್ಟು, ಎರಡೂ ಕಿವಿಗೆ ಯಂತ್ರ ಹಾಕಿಸಿದ ಮೂರನೆಯ ದಿನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರವನ್ನು ಪೂರ್ತಿ ಬಿಚ್ಚಿ ಎಣ್ಣೆ ಬಿಡುತ್ತಿದ್ದರು.

"ಇದು ಇಷ್ಟು ಗಲಾಟೆ ಮಾಡುತ್ತೆ ಅಂತ ನಂಗ್ಯಾರೂ ಹೇಳ್ಲಿಲ್ವಲ್ಲ" ಎಂದರು. "ಬೆಳಿಗ್ಗೆ ಎದುರುಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳ್ಬಂದೆ. ಅವ್ರ ಮಗು ಹೆಂಗೆ ಮಲಗ್ತಿತ್ತೋ ಏನೋ."

ರತ್ನಮ್ಮ ಬಾಗಿಲ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಉಸಿರಿನಂಥ ದನಿಯಲ್ಲಿ ಹೇಳಿದರು: ಯಂತ್ರ ಹಾಕಿಕೊಂಡು ಬಂದ ದಿನ ಅವರು ಗಂಡನ ಬೆನ್ನ ಹಿಂದೆ ನಿಂತು, "ಕಾಫಿ ಆರೋಗ್ತಿದೆ" ಅಂದರಂತೆ. ಮುನಿಯಪ್ಪನವರು ತಿರುಗಿ, "ಇನ್ನೊಂದ್ಸಲ ಹೇಳು" ಅಂದರಂತೆ. ಕೇಳಿಸಲಿಲ್ಲವೇನೋ ಎಂದು ರತ್ನಮ್ಮನಿಗೆ ಅಳುವೇ ಬಂತಂತೆ. ಆದರೂ ಹೇಳಿದರು. ಗಂಡ ಮತ್ತೆ "ಇನ್ನೊಂದ್ಸಲ" ಅಂದರು. ಮೂರನೆಯ ಸಲಕ್ಕೆ ರತ್ನಮ್ಮನಿಗೆ ಗೊತ್ತಾಯಿತು, ಕೇಳಿಸಿದ್ದಕ್ಕೇ ಮತ್ತೆ ಮತ್ತೆ ಕೇಳುತ್ತಿದ್ದಾರೆ ಎಂದು.

ಆಮೇಲಿನ ಎರಡು ವರ್ಷ ಅಂಗಡಿಯ ಹದವೇ ಬೇರೆಯಾಗಿತ್ತು. ಸಿ.ವಿ. ರಾಮನ್ ನಗರದ ಹುಡುಗನೊಬ್ಬ, ಅವರ ಪ್ರಶ್ನೆಗಳಿಗೆ ಬೇಸತ್ತು, ಪಕ್ಕದ ಗೆಳೆಯನಿಗೆ ಪಿಸುಮಾತಿನಲ್ಲಿ, "ಮುದುಕಂಗೆ ಬಲೇ ಜಂಬ ಮಗಾ, ಬಾ ಹೋಗಣ" ಎಂದ. ಮುನಿಯಪ್ಪನವರು ತಲೆ ಎತ್ತದೆ, "ಜಂಬ ಅಲ್ಲಪ್ಪ, ಮೊದ್ಲು ಕೇಳ್ತಿರ್ಲಿಲ್ಲ. ಈಗ ಎಲ್ಲಾ ಕೇಳುತ್ತೆ. ಕೂತ್ಕೊ, ಯಾವ ಹೆಗಲು ನೋಯುತ್ತೆ ಹೇಳು" ಎಂದರು. ಹುಡುಗ ಕೆಂಪಾಗಿ ಕೂತ. ಬ್ಯಾಗು ಹೊಲಿಸಿಕೊಂಡೇ ಹೋದ.

ಬೆರಳುಗಳು ನಡುಗತೊಡಗಿದಾಗ ಅವರು ಅಂಗಡಿ ಮುಚ್ಚಿದರು. ವಕ್ರ ಹೊಲಿಗೆ ಹಾಕಿ ಒಬ್ಬರಿಗೂ ಕೊಡಲಾರೆ ಎಂದರು. ಹೊಸಕೋಟೆಯ ಆಚೆ ರತ್ನಮ್ಮನ ತಂಗಿಯ ಊರಿನಲ್ಲಿ ಮನೆ ಮಾಡಿದರು. ಹೋದ ಚಳಿಗಾಲದಲ್ಲಿ, ಮಧ್ಯಾಹ್ನ ಉಂಡು ಮಲಗಿದ ಮುನಿಯಪ್ಪನವರು ಮತ್ತೆ ಏಳಲಿಲ್ಲವಂತೆ. ನನಗೆ ಸುದ್ದಿ ಸಿಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಲಸೂರಿನ ಆ ಕೋಣೆಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಕೊನೆಯ ಸಲ ಅವರನ್ನು ನೋಡಿದ್ದು ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ, ಅವರು ಊರಿಗೆ ಹೊರಟ ದಿನ. ಕಳಿಸಿಕೊಡಲು ನಾನೂ ಹೋಗಿದ್ದೆ. ನಾಲ್ಕೂ ಕಡೆಯ ಹಾರನ್ನು, ಕಂಡಕ್ಟರುಗಳ ಕೂಗು ತಾಳಲಾರದೆ ಅವರು ಎರಡೂ ಯಂತ್ರಗಳನ್ನು ಕಿವಿಯಿಂದ ತೆಗೆದು ಷರ್ಟಿನ ಜೇಬಿಗೆ ಹಾಕಿಕೊಂಡರು. "ಈ ಊರಿನ ಸದ್ದು ನಂಗೆ ಬೇಡಮ್ಮ, ನೀವೇ ಇಟ್ಕೊಳಿ" ಎಂದು ನಕ್ಕರು. ಬಸ್ಸು ಬಂತು. ಇಬ್ಬರೂ ಹತ್ತಿದರು. ಕಿಟಕಿಯ ಪಕ್ಕ ಕೂತ ರತ್ನಮ್ಮ ಗಂಡನ ಮುಂಗೈ ತಟ್ಟಿದರು. ಮುನಿಯಪ್ಪನವರು ಜೇಬಿಗೆ ಕೈ ಹಾಕಿ, ಹೆಂಡತಿಯ ಕಡೆಗಿದ್ದ ಕಿವಿಗೆ ಮಾತ್ರ ಒಂದು ಯಂತ್ರ ಸಿಕ್ಕಿಸಿಕೊಂಡು ಅತ್ತ ಬಾಗಿದರು.

ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅವರು ನೋಡಲಿಲ್ಲ. ರತ್ನಮ್ಮ ಏನೋ ಹೇಳುತ್ತಿದ್ದರು, ಅವರು ಕೇಳುತ್ತಿದ್ದರು.