ಒಗಟಿಲ್ಲದ ಹಾಜರಿ ನಡೆಯುವುದಿಲ್ಲ

ಬೆಳಗಿನ ಆರೂ ಕಾಲು. ರಾಣೆಬೆನ್ನೂರು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಮೊದಲ ಪಾತ್ರೆಯ ಹಾಲು ಇನ್ನೂ ಉಕ್ಕಿಲ್ಲ. ಹಳ್ಳಿ ಬಸ್ಸುಗಳು ನಿಲ್ಲುವ ತುದಿಯಲ್ಲಿ ಒಬ್ಬ ಹೆಣ್ಣುಮಗಳು ಇನ್ನೂರು ಪುಟದ ನೋಟ್‌ಬುಕ್ ಹಿಡಿದು ನಿಂತಿದ್ದಾರೆ. ಕೈಯಲ್ಲಿ ಚೀಲವಿಲ್ಲ, ಊರಿಗೆ ಹೋಗುವ ಗಡಿಬಿಡಿಯಿಲ್ಲ. ಬಸ್ಸು ಬಂದರೆ ಹತ್ತುವುದಿಲ್ಲ, ಇಳಿದವರನ್ನು ಎದುರುಗೊಳ್ಳುವುದೂ ಇಲ್ಲ. ಕುಪ್ಪೇಲೂರಿನ ಬಸ್ಸು ಬಂದು ನಿಲ್ಲುತ್ತದೆ. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ, "ಗಡಿಗಿ ತಂಪೈತಿ. ಕೋಳಿ ಏಳು ಮರಿ ಮಾಡೇತಂತ," ಎನ್ನುತ್ತಾನೆ. ಆಕೆ ಬರೆದುಕೊಳ್ಳುತ್ತಾರೆ. ಹಿಂದೆಯೇ ಹಲಗೇರಿಯ ಬಸ್ಸು. ಅಲ್ಲಿಯೂ ಗಡಿಗೆ ತಂಪಾಗಿದೆ, ರಾತ್ರಿ ಬದನೆಕಾಯಿ ಸುಟ್ಟು ಚಟ್ನಿ ಅರೆದಿದ್ದಾರೆ. ಅದನ್ನೂ ಬರೆದುಕೊಳ್ಳುತ್ತಾರೆ.

ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ. ಹೊಸದಾಗಿ ಬಂದ ಸಾರಿಗೆ ನಿಯಂತ್ರಕರೊಬ್ಬರು ಆಕೆಯನ್ನು ಗುಪ್ತ ತಪಾಸಣೆಗೆ ಬಂದ ಮೇಲಧಿಕಾರಿ ಎಂದೇ ತಿಳಿದು, ಒಂದು ವಾರ ಎದ್ದು ನಿಂತು ನಮಸ್ಕಾರ ಮಾಡಿದ್ದರಂತೆ. ಆಕೆಯೂ ಮಾತಾಡದೆ ತಿರುಗಿ ನಮಸ್ಕಾರ ಮಾಡಿದ್ದರಿಂದ ಅನುಮಾನ ಗಟ್ಟಿಯಾಗಿತ್ತು.

ಹೆಸರು ಕಾವೇರಿ, ವಯಸ್ಸು ಮೂವತ್ತೆಂಟು. ಹಗಲು ಒಂಬತ್ತರಿಂದ ಐದರವರೆಗೆ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬಡಿದುಕೊಡುವುದು ಅವರ ಹೊಟ್ಟೆಪಾಡು. ಆದರೆ ಬೆಳಗಿನ ಎರಡು ತಾಸಿನ ಕೆಲಸವೇ ಬೇರೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಊರಿನ ಮಾತು ಕೂಡಿದ ಮೇಲೆ ಅವರು ರಸ್ತೆ ದಾಟಿ ಮೈಲೇಶನ ಸೈಬರ್ ಸೆಂಟರಿನ ಶಟರ್ ಎತ್ತುತ್ತಾರೆ, ಕಸ ಗುಡಿಸುತ್ತಾರೆ, ನೀರು ತುಂಬುತ್ತಾರೆ, ಆಮೇಲೆ ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಗುಡಿಸಿದ್ದಕ್ಕೂ ನೀರಿಗೂ ಬದಲಾಗಿ ಎಂಟೂವರೆಯವರೆಗೆ ಆ ಕಂಪ್ಯೂಟರು ಅವರದು.

ಅದರ ಪಕ್ಕದಲ್ಲೇ ನೆಲದ ಮೇಲೆ ಒಂದು ಮಣ್ಣಿನ ಗಡಿಗೆ ಇದೆ. ಗಡಿಗೆಯಲ್ಲಿ ಹಸಿ ಮರಳು, ಮರಳಿನಲ್ಲಿ ಹೂತ ಪುಟ್ಟ ಕುಡಿಕೆ, ಕುಡಿಕೆಯ ಬಾಯಿಗೆ ಒದ್ದೆ ಬಟ್ಟೆ. ಒಳಗಿರುವುದು ಬೆರಳುದ್ದದ ಒಂದು ಇನ್ಸುಲಿನ್ ಬಾಟಲಿ. ಇಂಟರ್‌ನೆಟ್ ನೋಡಲು ಬರುವ ಕಾಲೇಜು ಹುಡುಗರು ಅದನ್ನು ಕುಡಿಯುವ ನೀರೆಂದು ಲೋಟ ಹಿಡಿದು ಬರುವುದುಂಟು. ಅಂಥವರಿಗೆ ಕಾವೇರಿಯವರ ಬೈಗುಳ ಟೈಪಿಂಗಿಗಿಂತ ವೇಗ.

ಈ ಗಡಿಗೆಯ ಕಥೆ ಹಿಡಿದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ಎಳೆಯ ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುವುದಿಲ್ಲ. ದಿನಕ್ಕೆ ಎರಡು ಹೊತ್ತು ಸೂಜಿ ಚುಚ್ಚಲೇಬೇಕು, ತಪ್ಪಿದರೆ ಜೀವಕ್ಕೇ ಕುತ್ತು. ಆ ಔಷಧ ಬಿಸಿಲಿಗೆ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯವರು ಅದನ್ನು ಗಡಿಗೆಯೊಳಗೆ ಗಡಿಗೆ ಇಟ್ಟು ಕಾಯುತ್ತಾರೆ. ಮೂರು ವರ್ಷದ ಹಿಂದೆ, 2005ರಲ್ಲಿ, ಐರಣಿಯ ಹೊಳಿಯವ್ವ ಎಂಬ ತಾಯಿ ತನ್ನ ಮಗಳು ದುರ್ಗಾಳ ಔಷಧಕ್ಕೆ ನೆರವು ಬೇಡಿ ಅರ್ಜಿ ಬರೆಸಲು ಬೇವಿನ ಗಿಡದ ಕೆಳಗೆ ಬಂದಿದ್ದಳು. ಮಗುವಿಗೆ ಆಗ ಆರು ವರ್ಷ. ಕಾವೇರಿ ಒಂದಲ್ಲ ಎರಡಲ್ಲ, ಹದಿನಾಲ್ಕು ಅರ್ಜಿ ಬಡಿದುಕೊಟ್ಟರು. ಒಂದಕ್ಕೂ ಉತ್ತರ ಬರಲಿಲ್ಲ.

ಆಗಷ್ಟೇ ಮೈಲೇಶನ ಅಂಗಡಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ಕಾವೇರಿಗೆ ಒಂದು ದಿನ ಇಂಥ ಮಕ್ಕಳ ತಂದೆತಾಯಿಗಳದೇ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿ ಕಣ್ಣಿಗೆ ಬಿತ್ತು. ಅದನ್ನು ಕಟ್ಟಿದವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತ ನಾಸೀರ. ಅವರ ಮಗಳು ಮುಬೀನಾಳಿಗೂ ಎರಡು ಹೊತ್ತಿನ ಸೂಜಿ. ಪೇಟೆಯ ಧಾರಣೆ ನೋಡಲೆಂದು ಅಂಗಡಿಗೆ ಬಂದ ಕಂಪ್ಯೂಟರಿನಲ್ಲಿ, ಧಾರಣೆ ನೋಡಿ ಮುಗಿದ ಮೇಲೆ, ಅವರು ತಮ್ಮಂಥವರನ್ನು ಹುಡುಕಿ ಕೂಡಿಸಿದ್ದರು. ಅದೇ ಹದಿನೈದನೇ ಅರ್ಜಿಯೆಂದು ಕಾವೇರಿ ಹೊಳಿಯವ್ವನ ಸಂಗತಿಯನ್ನು ಅಲ್ಲಿ ಬರೆದರು.

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ ಅಂತನ ಬರದಿದ್ದೆರಿ. ನನಗ ಬ್ಯಾರೆ ಬರಿಯಾಕ ಬರ್ತಿರಲಿಲ್ಲ. ಒಂದ್ ತಾಸಿನ್ಯಾಗ ಏಳು ಮಂದಿ ಉತ್ತರ ಕೊಟ್ರು. ಒಬ್ರೂ ಆಧಾರ ಲಗತ್ತಿಸಿ ಅನ್ನಲಿಲ್ಲ," ಎಂದು ಕಾವೇರಿ ಈಗಲೂ ಬೆರಗುಪಡುತ್ತಾರೆ.

ಕೆಲವರು ಔಷಧದ ಖರ್ಚಿಗೆ ಕೈಜೋಡಿಸಿದರು. ಆ ಏಳರಲ್ಲಿ ಒಂದು ಉತ್ತರ ಹಾವೇರಿಯ ಶಾಲಾ ಶಿಕ್ಷಕಿ ಪ್ರಿಯಾಂಕಾ ಅವರದು. ತಾವೇ ಹನ್ನೆರಡನೆಯ ವಯಸ್ಸಿನಿಂದ ಸೂಜಿ ಚುಚ್ಚಿಕೊಳ್ಳುತ್ತ ಬಂದವರು. ಗಡಿಗೆಯಲ್ಲಿ ಮರಳು ಎಷ್ಟಿರಬೇಕು, ನೀರು ಯಾವಾಗ ಚಿಮುಕಿಸಬೇಕು ಎಂದು ಹಂತಹಂತವಾಗಿ ತಿಳಿಸಿದ್ದು ಅವರೇ. 'ಗಡಿಗಿ ಬಳಗ' ಎಂದು ಹೆಸರಾದ ಆ ಗುಂಪಿನಲ್ಲಿ ಇವತ್ತು ಅರವತ್ತಮೂರು ಮಂದಿ ಇದ್ದಾರೆ. ಅವರಲ್ಲಿ ಹನ್ನೊಂದು ಮನೆಯವರು ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಅವರ ಬಾಯಿ, ಕಿವಿ, ಬೆರಳು ಮೂರೂ ಕಾವೇರಿಯೇ. ದಿನಕ್ಕೆ ಮೂವತ್ತು ಸಾಲು ಬೆರಳಚ್ಚು ಮಾಡಿ ಕಳಿಸುತ್ತಾರೆ. ಬಂದ ಉತ್ತರಗಳನ್ನು ಕಾಗದಕ್ಕಿಳಿಸಿ, ಮಡಚಿ, ಊರಿನ ಹೆಸರು ಬರೆದು ಮಧ್ಯಾಹ್ನದ ಬಸ್ಸಿಗೆ ಕೊಡುತ್ತಾರೆ. ಕೆಲವರ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳೆಲ್ಲ ಬರೀ ಚೌಕವಾಗಿ ಕಾಣುತ್ತವೆ. ಅಂಥವರಿಗೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಮ್ಮೆ. ಕರೆಂಟು ಹೋದರೆ ಹತ್ತು ನಿಮಿಷ ಬ್ಯಾಟರಿ, ಆಮೇಲೆ ಕೈಕಟ್ಟಿ ಕೂರುವುದು. ಇಷ್ಟಕ್ಕೂ ಕಾವೇರಿಯ ಮನೆಯಲ್ಲಿ ಯಾರಿಗೂ ಈ ಕಾಯಿಲೆಯಿಲ್ಲ. "ಪಗಾರಿಲ್ಲದ ನೌಕರಿಗೆ ಹೋಗ್ಯಾಳ" ಎಂದು ಅತ್ತೆ ಜಯವ್ವ ಓಣಿಗೆಲ್ಲ ಹೇಳುತ್ತಾರೆ. ಹಾಗೆ ಹೇಳುವವರೇ ಸೊಸೆ ಹೊರಡುವ ಮುನ್ನ ಐದೂವರೆಗೆ ರೊಟ್ಟಿ ಬಡಿದಿರುತ್ತಾರೆ.

ಬಳಗಕ್ಕೆ ಒಂದು ಕಟ್ಟುಪಾಡಿದೆ. ದಿನಾ ಬೆಳಿಗ್ಗೆ ಪ್ರತಿ ಮನೆಯಿಂದಲೂ ಹಾಜರಿ ಬರಬೇಕು. ಔಷಧ ಸರಿಯಿದೆ, ಮಗು ಎದ್ದಿದೆ, ಸೂಜಿ ಆಗಿದೆ ಎಂಬ ಮೂರಕ್ಕೂ ಸೇರಿ ಒಂದೇ ಮಾತು: ಗಡಿಗಿ ತಂಪೈತಿ. ಹಾಜರಿ ಬಾರದ ಮನೆಗೆ ಹತ್ತಿರದವರು ಯಾರಾದರೂ ಹೋಗಿ ನೋಡಬೇಕು. ಫೋನಿಲ್ಲದ ಹಳ್ಳಿಯ ತಾಯಂದಿರು ಮೊದಲ ಬಸ್ಸಿನ ಕಂಡಕ್ಟರನಿಗೆ ಆ ಮಾತು ಹೇಳಿ ಕಳಿಸುತ್ತಾರೆ. ಐರಣಿಯ ದುರ್ಗಾ ಮಾತ್ರ ಅದಕ್ಕೊಂದು ಬಾಲ ಅಂಟಿಸಿದಳು. ಬ್ಯಾಡಗಿಯ ಮುಬೀನಾಳಿಗೆಂದು ದಿನಕ್ಕೊಂದು ಒಗಟು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಒಮ್ಮೆ ದುರ್ಗಾ, "ಹಸರಂಗಿ ತೊಟ್ಟು ಹುಟ್ಟಿದ, ಕೆಂಪಂಗಿ ತೊಟ್ಟು ಒಣಗಿದ, ಸತ್ತ ಮ್ಯಾಲೂ ಮಂದೀನ ಅಳಸಿದ, ಯಾರಂವ?" ಎಂದು ಕೇಳಿ ಕಳಿಸಿದ್ದಳು. ಮೆಣಸಿನಕಾಯಿ ಎಂಬ ಉತ್ತರದ ಜೊತೆಗೆ ಬ್ಯಾಡಗಿಯಿಂದ ಒಂದು ತಕರಾರೂ ಬಂತು: ತಮ್ಮೂರಿನ ಕಾಯಿ ಬಣ್ಣ ಕೊಡುತ್ತದೆಯೇ ಹೊರತು ಯಾರನ್ನೂ ಅಳಿಸುವುದಿಲ್ಲ, ಒಗಟು ತಿದ್ದಬೇಕು.

ಎಲ್ಲ ಸುಸೂತ್ರ ನಡೆದಿತ್ತು, ಈ ವರ್ಷದ ಮಾರ್ಚ್‌ವರೆಗೆ.

ಐರಣಿ ಬಸ್ಸಿನ ಕಂಡಕ್ಟರ್ ಸುಭಾಷ ಬಲು ಮೆದು ಮನುಷ್ಯ. ಅದಕ್ಕೂ ಎರಡು ತಿಂಗಳ ಮುಂಚೆ ಒಂದು ಬೆಳಿಗ್ಗೆ ಹೊಳಿಯವ್ವ ನಿದ್ದೆ ಹತ್ತಿ ಬಸ್ಸಿಗೆ ಬಂದಿರಲಿಲ್ಲ. ಹಾಜರಿ ಇಲ್ಲ ಎಂದು ಕಾವೇರಿ ಬಳಗವನ್ನೆಲ್ಲ ಎಬ್ಬಿಸಿದರು, ನಾಸೀರ ಬ್ಯಾಡಗಿಯಿಂದ ಐರಣಿಯವರೆಗೆ ಮೋಟಾರ್‌ಸೈಕಲ್ ಓಡಿಸಿಕೊಂಡು ಹೋದರು, ಹೋಗಿ ನೋಡಿದರೆ ತಾಯಿ ಮಗಳು ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. ಸುಳ್ಳೇ ಗಾಬರಿ ಮಾಡಿದೆನೆಂದು ಕಾವೇರಿ ಮುಖ ಸಣ್ಣದು ಮಾಡಿಕೊಂಡಿದ್ದನ್ನು ಸುಭಾಷ ನೋಡಿದ್ದ. ಮಾರ್ಚಿನ ಆ ಬೆಳಿಗ್ಗೆಯೂ ಹೊಳಿಯವ್ವ ಬಸ್ಸಿನ ಹತ್ತಿರ ಬರಲಿಲ್ಲ. ಮತ್ತೆ ನಿದ್ದೆ ಹತ್ತಿರಬೇಕು, ಪಾಪ, ಕಾವೇರಿಯವರಿಗೆ ಯಾಕೆ ಚಿಂತೆ ಹಚ್ಚುವುದೆಂದು ಸುಭಾಷ ತಾನೇ ಹೇಳಿಬಿಟ್ಟ: ಗಡಿಗಿ ತಂಪೈತಿ. ಒಗಟಿಲ್ಲದ್ದು ಗಮನಕ್ಕೆ ಬಾರದೆ ಕಾವೇರಿ ಬರೆದುಕೊಂಡರು, ಬೆರಳಚ್ಚು ಮಾಡಿ ಕಳಿಸಿದರು, ಬೇವಿನ ಗಿಡದ ಕಡೆ ನಡೆದರು.

ನಿಜವಾಗಿ ಆ ಗಡಿಗೆ ಒಡೆದುಹೋಗಿತ್ತು. ಹಿಂದಿನ ಸಂಜೆ, ಕೊನೆಯ ಬಸ್ಸು ಹೋದ ಮೇಲೆ, ಹಗ್ಗ ಬಿಚ್ಚಿಕೊಂಡ ಕರು ಪಡಸಾಲೆಗೆ ನುಗ್ಗಿ ಗಡಿಗೆಯನ್ನು ಉರುಳಿಸಿತ್ತು. ಬಾಟಲಿ ಚೂರಾಗಿತ್ತು. ಗಂಡ ಗಿರಿಯಪ್ಪ ಊರಲ್ಲಿರಲಿಲ್ಲ. ಸಂಜೆಯ ಸೂಜಿ ತಪ್ಪಿತು. ಆ ಹೊತ್ತಿಗೆ ಮಗು ಆಡಿಕೊಂಡೇ ಇದ್ದುದರಿಂದ ಬೆಳಗಿನ ಬಸ್ಸಿಗೆ ಹೋದರಾಯಿತು ಎಂದುಕೊಂಡಿದ್ದಳು ತಾಯಿ. ನಸುಕಿನಲ್ಲಿ ವಾಂತಿ ಹಿಡಿಯಿತು. ಏದುಸಿರು ಬಿಡುವ ಮಗುವನ್ನು ಬಿಟ್ಟು ಬಸ್ಸಿನವರೆಗೆ ಓಡಲು ಅವಳಿಗೆ ಕಾಲು ಏಳಲಿಲ್ಲ. ಓಡಬೇಕಾಗಿಯೂ ಇರಲಿಲ್ಲ ಎಂದೇ ಅವಳು ನಂಬಿದ್ದಳು. ತಾನು ಹೋಗದಿದ್ದರೆ ಬಳಗದವರು ಬಂದೇ ಬರುತ್ತಾರೆ. ಕಟ್ಟುಪಾಡು ಇರುವುದೇ ಅದಕ್ಕಲ್ಲವೇ. ಹಾಗೆಂದು ಬಾಗಿಲಿಗೆ ಕಣ್ಣು ನೆಟ್ಟು ಕೂತಿದ್ದಳು.

ಬ್ಯಾಡಗಿಯಲ್ಲಿ ಒಂಬತ್ತು ಗಂಟೆಗೆ ಅಂಗಡಿ ತೆರೆದಾಗ ಮುಬೀನಾ ಎಂದಿನಂತೆ ಶಾಲೆಗೆ ಹೋಗುವ ದಾರಿಯಲ್ಲಿ ಅಪ್ಪನ ಕಂಪ್ಯೂಟರಿಗೆ ಇಣುಕಿದಳು. ಹಾಜರಿ ಇತ್ತು, ಒಗಟಿರಲಿಲ್ಲ. ಅಪ್ಪ ಮರೆತಿರಬೇಕು ಎಂದರೆ ಅವಳು ಕೇಳಲೊಲ್ಲಳು. ಜ್ವರ ಬಂದ ದಿನವೂ ಒಗಟು ಕಳಿಸಿದವಳು ಇವತ್ತು ಹೇಗೆ ಮರೆತಾಳು ಎಂದು ಅಲ್ಲೇ ಹಟ ಹಿಡಿದು ನಿಂತಳು. ನಾಸೀರ ಸೈಬರ್ ಸೆಂಟರಿಗೆ ಫೋನ್ ಮಾಡಿದರು. ಮೈಲೇಶ ಬೇವಿನ ಗಿಡದ ಕಡೆ ಓಡಿದ. ಕಾವೇರಿ ಅರ್ಧ ಬಡಿದ ಅರ್ಜಿಯನ್ನು ಹಾಗೇ ಬಿಟ್ಟು ಬಸ್ ನಿಲ್ದಾಣಕ್ಕೆ ಬಂದರು. ಎರಡನೇ ಸುತ್ತು ಮುಗಿಸಿ ಬಂದಿದ್ದ ಸುಭಾಷನನ್ನು ಕೇಳಿದ್ದು ಒಂದೇ ಮಾತು, ಹೊಳಿಯವ್ವನನ್ನು ಕಣ್ಣಾರೆ ಕಂಡೆಯಾ ಎಂದು. ಇಲ್ಲ, ತಾನೇ ಕಟ್ಟಿ ಹೇಳಿದ್ದೆಂದು ಅವನು ಒಪ್ಪಿಕೊಂಡ.

"ಅವನ ಸುಳ್ಳಿಗೆ ನಾ ಅಕ್ಷರ ಹಚ್ಚಿದ್ದೆ. ಬಳಗದ ಮಂದಿಯೆಲ್ಲ ಅದನ್ನ ಓದಿ ಸುಮ್ಮನ ಕುಂತಿದ್ರು," ಎನ್ನುವಾಗ ಅವರ ದನಿ ಇಳಿಯುತ್ತದೆ.

ಸೈಬರ್ ಸೆಂಟರಿನ ಗಡಿಗೆಯಲ್ಲಿದ್ದದ್ದು ಬಳಗದವರೆಲ್ಲ ಕೂಡಿ ಆಪತ್ತಿಗೆಂದು ಇಟ್ಟಿದ್ದ ಬಾಟಲಿ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಕಾವೇರಿ ಮೈಲೇಶನ ಗಾಡಿಯ ಹಿಂದೆ ಕೂತರು. ಹತ್ತೂವರೆಗೆ ಐರಣಿ. ದುರ್ಗಾ ಕಣ್ಣು ತೆರೆಯುತ್ತಿರಲಿಲ್ಲ. ಹೊಳಿಯವ್ವ ಸೂಜಿ ಹಾಕಿದಳು, ನಾಸೀರರಿಂದ ಸುದ್ದಿ ತಿಳಿದ ಪ್ರಿಯಾಂಕಾ ಹಾವೇರಿಯಿಂದ ಮೈಲೇಶನ ಮೊಬೈಲಿಗೆ ಕರೆ ಮಾಡಿ, ಸೂಜಿಯೊಂದೇ ಸಾಲದು, ನಿಂತ ಕಾಲಲ್ಲಿ ಆಸ್ಪತ್ರೆಗೆ ನಡೆಯಿರಿ ಎಂದು ಗದರಿದರು. ಊರಿನವರ ಟೆಂಪೊ ಸಿಕ್ಕಿತು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಮೂರು ದಿನ. ಇನ್ನೆರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು.

ಎರಡನೇ ದಿನ ಸುಭಾಷ ಎಳನೀರು ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಹೊಳಿಯವ್ವನೇ ಎದ್ದು ಹೊರಗೆ ಹೋದಳು. ಬೈಯುತ್ತಾಳೆ ಎಂದುಕೊಂಡಿದ್ದರು ಕಾವೇರಿ. ಅವಳು ಬೈಯಲಿಲ್ಲ. "ನಿನ್ನ ಮ್ಯಾಲೆ ಸಿಟ್ಟಿಲ್ಲೋ ಯಪ್ಪಾ. ಆದ್ರ ನಾ ಇಲ್ಲದಾಗ ಇಲ್ಲ ಅಂತನ ಹೇಳು. ನಾ ಬರಲಿಲ್ಲ ಅನ್ನೂದು ಸೈತ ನನ್ನ ಮಾತ," ಎಂದಳಂತೆ. ಆ ಮಾತನ್ನು ಕಾವೇರಿ ಅಂದೇ ಬಳಗಕ್ಕೆ ಬರೆದರು, ಒಂದಕ್ಷರ ತಿದ್ದದೆ.

ಅಂದಿನಿಂದ ಬರೀ ಹಾಜರಿ ನಡೆಯುವುದಿಲ್ಲ. ಪ್ರತಿ ಮನೆಯಿಂದಲೂ ಗಡಿಗೆಯ ಸುದ್ದಿಯ ಜೊತೆ ಅಂದಿನದೇ ಒಂದು ಹೊಸ ಮಾತು ಬರಬೇಕು, ಎಂಥ ಮೆದು ಮನಸ್ಸಿನ ಕಂಡಕ್ಟರನಿಗೂ ಕಟ್ಟಿ ಹೇಳಲು ಬಾರದಂಥದ್ದು. ದುರ್ಗಾಳಿಂದ ಒಗಟು. ಒಗಟು ಬಾರದವರಿಂದ ಬದನೆಕಾಯಿ ಚಟ್ನಿ, ಕೋಳಿಮರಿ, ನೆರೆಮನೆಯ ಜಗಳ. ಎಚ್ಚರಿಕೆಗೆಂದು ಮಾಡಿದ ಕಟ್ಟುಪಾಡು ಸಲಿಗೆಯಾಗಿ ಬೆಳೆದಿದೆ. ಕುಪ್ಪೇಲೂರಿನ ಕೋಳಿ ಕಾವಿಗೆ ಕೂತ ದಿನದಿಂದ ಹಾವೇರಿಯ ಪ್ರಿಯಾಂಕಾ ದಿನಾ ಅದರ ಕ್ಷೇಮ ವಿಚಾರಿಸುತ್ತಿದ್ದರು. ಇವತ್ತು ಏಳು ಮರಿಯ ಸುದ್ದಿಗೆ ಎಷ್ಟು ಉತ್ತರ ಬರುತ್ತವೋ ಏನೋ, ಕಾಗದ ಸಾಲಬೇಕಲ್ಲ ಎಂಬುದು ಕಾವೇರಿಯ ಚಿಂತೆ.

ಐರಣಿಯ ಬಸ್ಸು ಈಗ ಬರುತ್ತದೆ. ಸುಭಾಷ ಕಿಟಕಿಯಿಂದ ಹೇಳುವುದಿಲ್ಲ. ಇಳಿದು ಹತ್ತಿರ ಬಂದು, ಹೊಳಿಯವ್ವನನ್ನು ಕಂಡೆ, ಮಗುವನ್ನೂ ಕಂಡೆ ಎಂದು ಮೊದಲು ಹೇಳುತ್ತಾನೆ. ಆಮೇಲೆ ಗಡಿಗೆಯ ಸುದ್ದಿ. ಕೊನೆಗೆ ಒಗಟು: "ಮುಂಜಾನೆದ್ದು ಮಂದೀನ ನುಂಗತೈತಿ, ಊರು ಬಂದಕೂಡ್ಲೆ ಉಗಳತೈತಿ, ಹೊಟ್ಟಿ ಮಾತ್ರ ಎಂದೂ ತುಂಬಂಗಿಲ್ಲ." ಐರಣಿಯಿಂದ ಇಲ್ಲಿವರೆಗೆ ಟಿಕೆಟ್ ಹರಿಯುತ್ತ ಯೋಚಿಸಿದನಂತೆ, ಹೊಳೆಯಲಿಲ್ಲ. ಮೊಸಳೆ ಇರಬಹುದೇ ಎಂದು ಕೇಳುತ್ತಾನೆ. ಹಿಂದೆ ಅವನ ಬಸ್ಸು ಬಾಗಿಲು ತೆರೆದುಕೊಂಡು ನಿಂತಿದೆ, ಜನ ಇಳಿಯುತ್ತಿದ್ದಾರೆ.

ಕಾವೇರಿ ನಗು ತಡೆದುಕೊಂಡು ಬರೆದುಕೊಳ್ಳುತ್ತಾರೆ. ಅವನಿಗೆ ಉತ್ತರ ಹೇಳುವುದಿಲ್ಲ, ತಮಗೆ ಗೊತ್ತೆಂದೂ ತೋರಿಸಿಕೊಳ್ಳುವುದಿಲ್ಲ. ನಿಮಗೆ ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ, ದುರ್ಗಾ ಈ ರಜೆಯಲ್ಲಿ ಬಂದು ಬೆರಳಚ್ಚು ಕಲಿಯಲಿ, ತನ್ನ ಹಾಜರಿ ತಾನೇ ಹಾಕುವಂತಾಗಲಿ ಎನ್ನುತ್ತಾರೆ. ಮತ್ತೆ ನೋಟ್‌ಬುಕ್ ಮುಚ್ಚಿ, ಸೈಬರ್ ಸೆಂಟರಿನ ಕಡೆ ಹೊರಳುತ್ತ ದನಿ ತಗ್ಗಿಸುತ್ತಾರೆ.

"ಉತ್ತರ ನನಗ ಆಗಲೇ ಹೊಳದೈತ್ರಿ. ಆದ್ರ ಇವತ್ತ ಹೇಳಂಗಿಲ್ಲ. ಬ್ಯಾಡಗಿಯಿಂದ ನಾಳಿ ಬರ್ಲಿ. ಆ ಎರಡು ಹುಡುಗ್ಯಾರಿಗೂ ನಾಳಿಗೆ ಒಂದು ಕೆಲಸ ಬಾಕಿ ಇರಬೇಕಲ್ರಿ."