ಸೀ ಇದೆಯೋ, ಸೀದಿದೆಯೋ

ಚಟ್ನಿ ಖಾರವಾಯಿತು ಎಂದಳು ಸರೋಜ. ಮದುವೆಯಾದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಹೆಂಡತಿಯ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಗಂಜಿಯ ಜೊತೆ ಸೂಜಿಮೆಣಸು ಕಚ್ಚಿಕೊಂಡು ತಿನ್ನುವವಳು ಅವಳು. "ವಯಸ್ಸಾಯ್ತು ಮಾರಾಯ್ತಿ, ಇನ್ನು ಸಪ್ಪೆ ಊಟಾನೇ ಗತಿ" ಎಂದು ನಕ್ಕುಬಿಟ್ಟೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ. ಅವಳ ನಾಲಗೆಯ ಎಡ ಅಂಚಿನಲ್ಲಿ ಬಿಳಿ ಹುಣ್ಣೊಂದು ಆಗಲೇ ಕೂತಿತ್ತು. ಹಲ್ಲು ತಾಗಿ ಆಗಿದ್ದು ಎಂದುಕೊಂಡು ಜೇನುತುಪ್ಪ ಹಚ್ಚುತ್ತಾ ಎರಡು ತಿಂಗಳು ಕಳೆದಳು. ಎಲೆಯಡಿಕೆ ಮಾತ್ರ ಬಿಡಲಿಲ್ಲ.

ಬಯಾಪ್ಸಿ ರಿಪೋರ್ಟ್ ಬಂತು.

ಕ್ಯಾನ್ಸರ್.

ಮಂಗಳೂರಿನಲ್ಲಿ ಆಪರೇಷನ್ ಮಾಡಿ ನಾಲಗೆಯ ಒಂದು ಭಾಗ ತೆಗೆದರು. ಹತ್ತು ದಿನ ಮೂಗಿನಿಂದ ಹೊಟ್ಟೆಗೆ ಟ್ಯೂಬ್. ಅದರಲ್ಲೇ ಹಾಲು, ಅದರಲ್ಲೇ ಮಾತ್ರೆಯ ಪುಡಿ. ಆಮೇಲೆ ಆರು ವಾರ ರೇಡಿಯೇಷನ್. ಮೂಡಿಗೆರೆಗೆ ಮರಳಿದಾಗ ಅವಳ ಬಾಯಲ್ಲಿ ರುಚಿ ಎಂಬುದೇ ಉಳಿದಿರಲಿಲ್ಲ. ಮಾತೂ ತೊದಲು. ದಕಾರವಂತೂ ಹೊರಡುತ್ತಲೇ ಇರಲಿಲ್ಲ. ನನಗೆ ತಿಳಿಯದ್ದನ್ನು ಹಳೆ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದಳು.

ರಾಗಿ ಅಂಬಲಿ ಕೊಟ್ಟ ದಿನ "ಮಣ್ಣು" ಎಂದು ಬರೆದಳು. ಮರುದಿನ ಹೆಸರುಬೇಳೆ ಪಾಯಸ ಕೊಟ್ಟೆ. ಅದೇ ಹಾಳೆಯ ಅದೇ ಪದವನ್ನು ಬೆರಳಲ್ಲಿ ತೋರಿಸಿದಳು.

ಚೆಕಪ್‌ಗೆ ಹೋದಾಗ ಡಾಕ್ಟರು ತೂಕ ನೋಡಿ ಮುಖ ಗಂಟು ಹಾಕಿದರು. ನಲವತ್ತೊಂದು ಕೆಜಿ. "ಮುಂದಿನ ಸೋಮವಾರ ನಲವತ್ತಕ್ಕಿಂತ ಕೆಳಗೆ ಬಂದ್ರೆ ಮತ್ತೆ ಟ್ಯೂಬ್ ಹಾಕ್ಲೇಬೇಕಾಗುತ್ತೆ" ಎಂದರು. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಸರೋಜ ನನ್ನ ಜೇಬಿನಿಂದ ಪೆನ್ನು ತೆಗೆದು ಟಿಕೆಟಿನ ಹಿಂದೆ ಬರೆದಳು. "ಹಾಕಿದರೆ ನಾನೇ ಕೀಳುತ್ತೇನೆ."

ಕೀಳುತ್ತಾಳೆ. ಅವಳ ಹಟ ನನಗೆ ಗೊತ್ತು.

ನನ್ನದು ಕಾಫಿಬೀಜ ಹುರಿದು ಪುಡಿ ಮಾಡಿ ಮಾರುವ ಸಣ್ಣ ಅಂಗಡಿ. ಶುಕ್ರವಾರ ಅವಳನ್ನು ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆ. ನಲವತ್ತು ಕೆಜಿ ನೂರು ಗ್ರಾಂ. ಮೂಟೆಯೊಂದು ಇದಕ್ಕಿಂತ ಭಾರ ಇರುತ್ತದೆ ಎಂದು ಹೊಳೆಯಿತು. ಅಂಕಿ ಅವಳಿಗೆ ಕಾಣದಂತೆ ಅಡ್ಡ ನಿಂತೆ.

ಮಗಳು ದೀಪ ದೇವರಮನೆ ಬೆಟ್ಟದ ಕಡೆಯ ಹೋಂಸ್ಟೇಯೊಂದರಲ್ಲಿ ಅಡುಗೆ ಮಾಡುತ್ತಾಳೆ. ವಾರದ ಕೊನೆ ಬಂತೆಂದರೆ ಅಲ್ಲಿ ಜನವೋ ಜನ, ರಜೆ ಸಿಗಲಿಲ್ಲ. ಅತಿಥಿಗಳಿಗೆಂದು ತಾನು ಮಾಡುವ ಸ್ಪೆಷಲ್ ತಿಂಡಿಯನ್ನು ಫೋನಿನಲ್ಲೇ ಹೇಳಿಕೊಟ್ಟಳು. ಓಟ್ಸನ್ನು ಹಾಲಿನಲ್ಲಿ ಗಂಜಿಯಾಗುವಷ್ಟು ಬೇಯಿಸಬೇಕು. ಸಕ್ಕರೆಯನ್ನು ಒಣ ಬಾಣಲೆಯಲ್ಲಿ ಕರಗಿಸಿ ಕೆಂಪಗೆ ಮಾಡಿ, ಬೆಣ್ಣೆ ಹಾಕಿ, ಪುಟ್ಟಬಾಳೆಹಣ್ಣು ಕಿವುಚಿ ಹಾಕಿ, ಆ ಗಂಜಿಗೆ ಬೆರೆಸಬೇಕು. "ಅಮ್ಮನ ಬಾಯಿ ಹುಣ್ಣು, ಪಾಕ ಗಟ್ಟಿಯಾಗ್ಬಾರ್ದು. ಬಿಸಿಹಾಲು ಹಾಕಿ ತೆಳ್ಳಗೆ ಮಾಡಿ. ಜೇನಿನ ಬಣ್ಣ ಬಂದ ಕೂಡ್ಲೆ ಇಳ್ಸಿ ಅಪ್ಪ."

"ಬಣ್ಣ ನೋಡಿ ಇಳ್ಸೋದನ್ನ ನಂಗೆ ಹೇಳ್ಕೊಡ್ಬೇಡ" ಎಂದೆ.

ಅಲ್ಲೇ ಎಡವಿದ್ದು. ಶನಿವಾರ ಬೆಳಿಗ್ಗೆ ಸಕ್ಕರೆ ಕರಗಿ ಜೇನಿನ ಬಣ್ಣಕ್ಕೆ ಬಂತು. ಕೈ ಇಳಿಸಲು ಒಪ್ಪಲಿಲ್ಲ. ಇಷ್ಟು ವರ್ಷ ಬೀಜ ಹುರಿದ ಕಣ್ಣಿಗೆ ಆ ಬಣ್ಣವೆಂದರೆ ಹಸಿ. ಅಷ್ಟಕ್ಕೇ ಇಳಿಸಿದ ಪುಡಿಯನ್ನು ಗಿರಾಕಿಗಳು ವಾಪಸ್ಸು ತಂದು ಮುಖಕ್ಕೆ ಹಿಡಿಯುತ್ತಾರೆ. ಇನ್ನೊಂದು ಚೂರು, ಇನ್ನೊಂದು ಚೂರು ಎಂದುಕೊಳ್ಳುವಷ್ಟರಲ್ಲಿ ಬಾಣಲೆಯಿಂದ ಹೊಗೆ ಎದ್ದಿತು. ಗಡಿಬಿಡಿಯಲ್ಲಿ ಬೆಣ್ಣೆ, ಹಣ್ಣು, ಹಾಲು ಸುರಿದೆ. ಹದವಾಗಿಯೇ ಹುರಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗಬೇಕೆಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಹಿಂದಿನ ವಾರ ಒಂದು ಗುಟುಕು ನೀರು ನೆತ್ತಿಗೇರಿ ಅವಳು ಉಸಿರು ಸಿಕ್ಕದೆ ನೀಲಿಯಾಗಿದ್ದಳು. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಮೊದಲ ಚಮಚ. ಗಂಟಲು ಅಲುಗಿತು. ನಿಂತಿತು. ಮತ್ತೆ ಅಲುಗಿತು.

ಇಳಿಯಿತು.

ಎರಡನೇ ಚಮಚಕ್ಕೆ ಅವಳು ಮುಖ ಹಿಂಡಿ, ನನ್ನ ಕಡೆ ತಿರುಗಿ, "ಸೀ...ಇಎ" ಎಂದಳು.

ನನಗೆ ತಡೆಯಲಾಗಲಿಲ್ಲ. ದೀಪಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ಸೀ ಇದೆ ಅಂದ್ಳು ಕಣೆ ನಿಮ್ಮಮ್ಮ, ಸಿಹಿ ಗೊತ್ತಾಯ್ತು ಅವ್ಳಿಗೆ" ಎಂದೆ. ಅಷ್ಟರಲ್ಲಿ ಸರೋಜ ಚಮಚದಿಂದ ಮೇಜು ಕುಟ್ಟಿದಳು. ಹಾಳೆ ಎಳೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದಳು.

ಸೀದಿದೆ.

ನಾನು ಮಂಕಾದೆ. "ಸೀದಿದೆಯಂತೆ" ಎಂದೆ ಫೋನಿಗೆ. ಊರಿಗೆಲ್ಲ ಹದವಾಗಿ ಹುರಿದು ಕೊಟ್ಟವನು ಮನೆಯವಳಿಗೆ ಒಂದು ಹಿಡಿ ಸಕ್ಕರೆ ಕರಗಿಸಲಾರದೆ ಹೋದೆನಲ್ಲ ಎಂದು ಸಂಕಟವಾಯಿತು.

"ಅಪ್ಪ, ಸೀದಿದ್ದು ಅಮ್ಮಂಗೆ ಹೆಂಗೆ ಗೊತ್ತಾಯ್ತು?"

ನಾನು ಸರೋಜಳನ್ನು ನೋಡಿದೆ. ಅವಳೂ ನನ್ನನ್ನೇ ನೋಡಿದಳು. ಇನ್ನೊಂದು ಚಮಚ ತೆಗೆದುಕೊಂಡು ಕಣ್ಣು ಮುಚ್ಚಿದಳು. ಮತ್ತೆ ಮುಖ ಹಿಂಡಿದಳು. ಕಹಿ. ಇಷ್ಟು ವಾರಗಳ ಮೇಲೆ ಮಣ್ಣಲ್ಲದ ಏನೋ ಒಂದು. ಕಣ್ಣಲ್ಲೇ ನನ್ನನ್ನು ಬೈಯುತ್ತಾ ಮುಕ್ಕಾಲು ಗಂಟೆ ಕೂತು ಇಡೀ ಬಟ್ಟಲು ಮುಗಿಸಿದಳು. ಸಂಜೆ ತಾನಾಗಿ ಇನ್ನೊಂದು ಬಟ್ಟಲು ಕೇಳಿದಳು. ಭಾನುವಾರವೂ ಅದೇ.

ಸೋಮವಾರ ಆಸ್ಪತ್ರೆಯ ತಕ್ಕಡಿ ನಲವತ್ತು ಕೆಜಿ ಮುನ್ನೂರು ಗ್ರಾಂ ತೋರಿಸಿತು. ಡಾಕ್ಟರು ಸದ್ಯಕ್ಕೆ ಟ್ಯೂಬ್ ಬೇಡ ಎಂದರು. "ಕಹಿ ಬಂದಿದೆ. ಸಿಹಿ ಯಾವಾಗ ಅಂತ ಹೇಳಕ್ಕಾಗಲ್ಲ. ಪೂರ್ತಿ ಬರ್ದೇನೂ ಇರ್ಬಹುದು." ಮೂರು ತಿಂಗಳಿಗೆ ಸ್ಕ್ಯಾನ್ ಇದೆ. ಅದರ ಭಯ ಮನೆಯಲ್ಲಿ ನಮ್ಮ ಜೊತೆಗೇ ಏಳುತ್ತದೆ, ಮಲಗುತ್ತದೆ.

ಈಗ ಬೆಳಿಗ್ಗೆ ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಅವಳು ಕೂರುತ್ತಾಳೆ. ಜೇನಿನ ಬಣ್ಣ ಬಂದ ಕೂಡಲೇ ಕೈ ಎತ್ತುತ್ತಾಳೆ. ಅಂಗಡಿಯಲ್ಲಿ ಯಾರ ಮಾತನ್ನೂ ಕೇಳದ ನಾನು ತೆಪ್ಪಗೆ ಇಳಿಸುತ್ತೇನೆ. ಆದರೂ ಕೆಲವು ದಿನ ಹಾಳೆಯ ಮೇಲೆ ಮಣ್ಣೇ ಬರುತ್ತಿತ್ತು. ರುಚಿ ಹೇಗಿದೆ ಎಂದು ನಾನು ಕೇಳುವುದನ್ನು ಬಿಟ್ಟಿದ್ದೆ.

ಇವತ್ತು ಕೇಳದೆಯೇ ಪೆನ್ಸಿಲ್ ತೆಗೆದುಕೊಂಡಳು. "ಸೀ" ಎಂದು ಬರೆದಳು. ಬೆಂಕಿ ಸಣ್ಣದೇ ಇತ್ತಲ್ಲ, ಇವತ್ತೂ ಸೀಯಿಸಿದೆನಾ ಎಂದುಕೊಂಡು ಮುಂದಿನ ಅಕ್ಷರಕ್ಕೆ ಕಾದೆ.

ಅವಳು ಪೆನ್ಸಿಲ್ ಕೆಳಗಿಟ್ಟು ಚಮಚ ಎತ್ತಿಕೊಂಡಳು.