ಅಲುಗುತ್ತಿದ್ದ ಪುಲ್ಲಿ

ಹೊನವಾಡದ ಶಾಲೆಗೆ ನನಗೆ ವರ್ಗವಾದಾಗ ನಲವತ್ತಾರು ವರ್ಷ. ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ಮೊದಲ ವರ್ಷ ಬಸ್ಸಿನಲ್ಲೇ ಓಡಾಡಿದೆ. ಎರಡನೆಯ ವರ್ಷ ಕಾರು ಹೊಡೆಯುವುದನ್ನು ಕಲಿತು, ನನ್ನ ಪಗಾರದಲ್ಲೇ ಹಳೆಯದೊಂದನ್ನು ಕೊಂಡೆ. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಅದು ಮೊದಲಿನಿಂದಲೂ ಮನಸ್ಸಿಗೆ ಬಂದಿರಲಿಲ್ಲ. ಹಾಗಾಗಿ ಕಾರು ಕೆಟ್ಟು ನಿಂತರೆ ನನ್ನ ಮರ್ಯಾದೆಯೇ ಹೋದಂತಾಗುತ್ತಿತ್ತು.

ಕಳೆದ ವರ್ಷ ಅದು ಬೆಲ್ಟು ತಿನ್ನತೊಡಗಿತು. ಇಂಜಿನ್ನಿನ ಪಕ್ಕದಲ್ಲಿದ್ದು ಡೈನಮೊ ತಿರುಗಿಸುವ ಕಪ್ಪು ಬೆಲ್ಟು. ಮೊದಲು ಕೀಚಲು ಸದ್ದು, ಆಮೇಲೆ ಅಂಚು ನೂಲುನೂಲಾಗಿ, ಒಂದು ದಿನ ಹರಿದೇ ಬಿತ್ತು. ಊರಿನ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ತಿಂಗಳೊಳಗೆ ಅದೂ ಹರಿಯಿತು. ಮತ್ತೆ ಹಾಕಿಸಿದ್ದು ಟಿಕೋಟಾದ ಹತ್ತಿರ ಕಳಚಿಬಿತ್ತು.

ಅಲ್ಲೇ ರಸ್ತೆ ಬದಿಗೆ ಒಂದು ಗ್ಯಾರೇಜು. ಮೇಸ್ತ್ರಿ ನನ್ನ ವಯಸ್ಸಿನವರೇ. ಹೆಚ್ಚಾಗಿ ಟ್ರ್ಯಾಕ್ಟರು, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪುಗಳ ಕೆಲಸ. ಕಳಚಿಬಿದ್ದ ಬೆಲ್ಟನ್ನೇ ಮತ್ತೆ ಏರಿಸಿ ಇಂಜಿನ್ ಶುರು ಮಾಡಿದರು. ಬೆಲ್ಟು ಓಡುವ ಕೆಳಗಿನ ದೊಡ್ಡ ಪುಲ್ಲಿ ಆಚೀಚೆ ಅಲುಗುತ್ತಿತ್ತು.

"ಅಕ್ಕೋರ, ಕ್ರ್ಯಾಂಕ್ ಬಗ್ಗಿರಬೇಕ್ರಿ," ಅಂದರು. "ಇಂಜಿನ್ ಇಳಸ್ಬೇಕಾಕ್ಕೈತಿ."

ಕ್ರ್ಯಾಂಕ್ ಎಂದರೆ ಇಂಜಿನ್ನಿನೊಳಗಿಂದ ಬಂದು ಆ ಪುಲ್ಲಿಯನ್ನು ತಿರುಗಿಸುವ ದಂಡ. ಅದು ಬಗ್ಗಿದ್ದನ್ನು ಹೇಗೆ ಗುರುತಿಸಿದಿರಿ ಎಂದು ಕೇಳಿದೆ. ಖಾತ್ರಿಯಿಲ್ಲ, ಅಂದಾಜು ಎಂದರು. ಮನೆಯಲ್ಲಿ ಹೇಳಿದಾಗ, ಇಂಜಿನ್ ಇಳಿಸುವ ಬದಲು ಮಾರಿಬಿಡು ಎಂಬ ಉತ್ತರ ಬಂತು. ಅಂದಾಜಿನ ಮೇಲೆ ಇಂಜಿನ್ನನ್ನೂ ಇಳಿಸುವುದಿಲ್ಲ, ಕಾರನ್ನೂ ಮಾರುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಲ್ಲಿಸಿ, ಮುಂದಿನ ಗಾಲಿ ಪೂರ್ತಿ ಹೊರಳಿಸಿ, ಇಂಜಿನ್ ಚಾಲೂ ಇಟ್ಟೆ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು, ಕೈ ದೂರವಿಟ್ಟು, ಗಾಲಿಯ ಹಿಂದಿನ ಸಂದಿಯಿಂದ ಬ್ಯಾಟರಿ ದೀಪ ಹಿಡಿದು ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಕಂಡಿತು: ಪುಲ್ಲಿಯ ಹೊರಗಿನ ಬಳೆ ಅಲುಗುತ್ತಿದೆ, ಅದನ್ನು ಕ್ರ್ಯಾಂಕಿಗೆ ಬಿಗಿದ ನಡುವಿನ ಬೋಲ್ಟು ಮಾತ್ರ ನೆಟ್ಟಗೆ ತಿರುಗುತ್ತಿದೆ. ಕ್ರ್ಯಾಂಕ್ ಬಗ್ಗಿದ್ದರೆ ಬೋಲ್ಟೂ ಅಲುಗಬೇಕಿತ್ತಲ್ಲ?

ಇಂಜಿನ್ ಆರಿಸಿ ಮತ್ತೆ ಬಗ್ಗಿ ನೋಡಿದೆ. ಪುಲ್ಲಿ ಒಂದೇ ತುಂಡಲ್ಲ. ಒಳಗೊಂದು, ಹೊರಗೊಂದು ಬಳೆ, ಎರಡನ್ನೂ ಹಿಡಿದಿರುವ ರಬ್ಬರು. ಪುಲ್ಲಿಯನ್ನು ಒರೆಸಿ, ನಡುವಿನಿಂದ ಅಂಚಿನವರೆಗೆ ಉಗುರಿನ ಬಣ್ಣದಲ್ಲಿ ನೇರ ಗೆರೆ ಎಳೆದೆ. ನಾಲ್ಕು ದಿನ ಹೊನವಾಡಕ್ಕೆ ಹೋಗಿಬಂದೆ. ಗುರುವಾರ ನೋಡಿದರೆ ಗೆರೆ ಎರಡಾಗಿತ್ತು. ಹೊರಗಿನ ತುಂಡು ಎರಡು ಬೆರಳಷ್ಟು ಮುಂದೆ ಸರಿದಿತ್ತು.

ಮರುದಿನ ಶಾಲೆ ಬಿಟ್ಟಮೇಲೆ ನೆಟ್ಟಗೆ ಟಿಕೋಟಾಕ್ಕೆ ಬಂದೆ. ಮೇಸ್ತ್ರಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ರಬ್ಬರ್ ಬಿಟ್ಟೈತ್ರಿ, ಖರೆ. ಆದ್ರ ಕ್ರ್ಯಾಂಕೂ ಬಗ್ಗಿಲ್ಲಂತ ಹೆಂಗ ಹೇಳೂದ್ರಿ?"

"ಬಿಚ್ಚಿ ನೋಡ್ರಿ. ನಾನೂ ಇಲ್ಲೇ ನಿಂದರ್ತೇನಿ," ಅಂದೆ.

ಬೋಲ್ಟು ಸುಲಭಕ್ಕೆ ಬಿಡಲಿಲ್ಲ. ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ, ಅವರ ಜೊತೆಗೆ ನಾನೂ ಮೈಭಾರ ಹಾಕಿದೆ. ಪುಲ್ಲಿ ಕೈಗೆ ಬಂದಾಗ ರಬ್ಬರು ಹಪ್ಪಳದಂತೆ ಪುಡಿಪುಡಿಯಾಗಿತ್ತು. ಆಮೇಲೆ ಅವರು ಒಂದು ತಂತಿಯನ್ನು ಬಗ್ಗಿಸಿ, ಅದರ ತುದಿ ಕ್ರ್ಯಾಂಕಿನ ಹೊರಚಾಚಿದ ಕೊನೆಗೆ ಕೂದಲೆಳೆಯಷ್ಟು ದೂರ ಇರುವಂತೆ ಕಟ್ಟಿದರು. ಜ್ಯಾಕ್ ಕೊಟ್ಟು ಎತ್ತಿದ ಗಾಲಿಯನ್ನು, ಗೇರು ಹಾಕಿ, ಕೈಯಿಂದ ತಿರುಗಿಸತೊಡಗಿದರು. ಅದರೊಡನೆ ಕ್ರ್ಯಾಂಕೂ ತಿರುಗಿತು; ತಂತಿಯ ಬಳಿಯ ಸಂದಿ ಹೆಚ್ಚುಕಡಿಮೆಯಾದರೆ ಅವರ ಮಾತೇ ನಿಜ. ನಾನು ಕಣ್ಣು ಕೀಳಲಿಲ್ಲ. ಒಂದು ಸುತ್ತು, ಎರಡು, ಮೂರು. ಸಂದಿ ಇದ್ದಷ್ಟೇ ಇತ್ತು.

"ನೆಟ್ಟಗs ಐತ್ರಿ," ಅಂದರು ಮೇಸ್ತ್ರಿ. "ನಾ ತಪ್ಪಿದ್ದೆ, ಅಕ್ಕೋರ."

ಅಷ್ಟು ಸರಳವಾಗಿ ಒಪ್ಪಿಕೊಂಡವರನ್ನು ನಾನು ಹೆಚ್ಚು ನೋಡಿಲ್ಲ. ಕಾರು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ಮರುದಿನ ವಿಜಯಪುರದಲ್ಲಿ ಮೂರು ಅಂಗಡಿ ಸುತ್ತಿ ಹೊಸ ಪುಲ್ಲಿ ತಂದುಕೊಟ್ಟೆ. ಸಂಜೆಯೊಳಗೆ ಕೂರಿಸಿದರು. ಬೆಲ್ಟು ಗೆರೆ ಎಳೆದಂತೆ ಓಡಿತು.

ಮುಂದಿನ ಭಾನುವಾರ ಬಬಲೇಶ್ವರದ ಅಕ್ಕನ ಮನೆಗೆ ಹೊರಟೆ. ಮನೆಯವರು ಬಸ್ಸಿಗೆ ಹೋಗೋಣ ಅನ್ನದೆ ಪಕ್ಕದಲ್ಲಿ ಬಂದು ಕೂತರು. ದಾರಿಯುದ್ದಕ್ಕೂ ಸದ್ದಿಗೆ ಕಿವಿಗೊಟ್ಟಿದ್ದರು. ಊಟವಾಗಿ ವಾಪಸು ಹೊರಡುವಾಗ, ಕಾರನ್ನು ತಾವು ಹೊಡೆಯಲೇ ಎಂದು ಕೇಳಿದರು.

"ಬ್ಯಾಡ್ರಿ," ಅಂದೆ. "ನಾನs ಹೊಡೀತೇನಿ."